ಒಂದು ಮೊಳ ಸುಲಿಬಟ್ಟೆ

ಅವಳ ಕೈಯಲ್ಲಿದ್ದ ಕತ್ತರಿ ಹರಿತವೋ, ಬಾಯಲ್ಲಿದ್ದ ಕತ್ತರಿ ಹರಿತವೋ ಎಂಬ ವಿಷಯದಲ್ಲಿ ಆ ದೋಣಿ ಶೆಡ್ಡಿನಲ್ಲಿ ಎರಡು ಪಕ್ಷಗಳಿದ್ದವು. ಎರಡರ ರುಚಿಯನ್ನೂ ಕಂಡವರು ಯಾವ ಪಕ್ಷಕ್ಕೂ ಸೇರದೆ ತಲೆ ತಗ್ಗಿಸಿ ಕೆಲಸ ಮಾಡಿಕೊಂಡಿರುತ್ತಿದ್ದರು. ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಮಾಲೀಕರಿಂದ ಹಿಡಿದು ಗೇಟಿನ ಕಾವಲುಗಾರನವರೆಗೆ ಎಲ್ಲರಿಗೂ ಅವಳು ಕತ್ತರಿಯಕ್ಕ.

ಹದಿನಾಲ್ಕು ತುಂಬುವ ಮೊದಲೇ ಹೊಲಿಗೆ ಯಂತ್ರದ ಮುಂದೆ ಕೂತವಳು. ಮೂವತ್ತು ವರ್ಷ ಬೀದಿಯ ತಿರುವಿನಲ್ಲಿ, ಒಬ್ಬರು ನಿಂತರೆ ಇನ್ನೊಬ್ಬರು ಹೊರಗೆ ಕಾಯಬೇಕಾದಷ್ಟು ಇಕ್ಕಟ್ಟಿನ ಅಂಗಡಿ ನಡೆಸಿದಳು. ಆ ಬೀದಿಯ ಮಕ್ಕಳ ಶಾಲೆಯ ಅಂಗಿಯಿಂದ ಹಿಡಿದು ಮುದುಕರ ಪೈಜಾಮದವರೆಗೆ ಎಲ್ಲರ ಅಳತೆಯೂ ಅವಳ ನಾಲಗೆಯ ತುದಿಯಲ್ಲಿತ್ತು. ಯಾರು ದಪ್ಪಗಾದರು, ಯಾರು ಸೊರಗಿದರು ಎಂಬುದು ವೈದ್ಯರಿಗಿಂತ ಮೊದಲು ಅವಳಿಗೆ ತಿಳಿಯುತ್ತಿತ್ತು. ಆಮೇಲೆ ರೆಡಿಮೇಡ್ ಬಟ್ಟೆಯ ದೊಡ್ಡ ಅಂಗಡಿ ಬಂತು. ಗಂಡ ತೀರಿಕೊಂಡ ವರ್ಷವೇ ಅವಳ ಅಂಗಡಿಯೂ ಮುಚ್ಚಿತು. ಯಾವುದಕ್ಕೆ ಹೆಚ್ಚು ಕಣ್ಣೀರು ಹಾಕಿದೆ ಅಂತ ಮಾತ್ರ ಕೇಳಬೇಡಿ ಎಂದು ಅವಳೇ ನಗುತ್ತ ಹೇಳುತ್ತಿದ್ದಳು.

ಅಂಗಡಿಯ ಬಾಗಿಲು ಎಳೆಯುವ ವಾರದಲ್ಲಿ, ಹಳೆಯ ಕೋಟಿಗೆ ತೋಳು ಬದಲಾಯಿಸಲು ದೋಣಿ ಶೆಡ್ಡಿನ ಮೇಸ್ತ್ರಿ ಬಂದಿದ್ದ. ಸಪಾಟು ಬಟ್ಟೆಯನ್ನು ಅವಳು ದುಂಡು ಭುಜದ ಮೇಲೆ ಒಂದು ಸುಕ್ಕೂ ಇಲ್ಲದಂತೆ ಕೂರಿಸಿದ್ದನ್ನು ಕನ್ನಡಿಯಲ್ಲಿ ತಿರುಗಿ ತಿರುಗಿ ನೋಡಿಕೊಂಡ. "ಅಕ್ಕ, ಭುಜದ ಮೇಲೆ ಕೂರ್ಸೋರು ದೋಣಿ ಮೂತಿ ಮೇಲೆ ಕೂರ್ಸಲ್ವಾ? ಬನ್ನಿ ನಮ್ಮ ಶೆಡ್ಡಿಗೆ" ಎಂದ. ತಮಾಷೆ ಎಂದುಕೊಂಡು ಆರು ತಿಂಗಳು ಮನೆಯಲ್ಲೇ ಕೂತಿದ್ದು, ಕೊನೆಗೆ ಹೋದವಳು ಹನ್ನೊಂದು ವರ್ಷ ಅಲ್ಲೇ ಉಳಿದಳು.

ಅಲ್ಲಿನ ಕೆಲಸ ಹೀಗೆ. ದೋಣಿಯ ಆಕಾರದ ಒಂದು ದೊಡ್ಡ ಅಚ್ಚು ಶೆಡ್ಡಿನ ನಡುವೆ ಬಾಯಿ ತೆರೆದುಕೊಂಡು ನಿಂತಿರುತ್ತದೆ. ಅದರೊಳಗೆ ಗಾಜಿನ ಎಳೆಯಿಂದ ನೇಯ್ದ ಬಟ್ಟೆ ಹಾಸಬೇಕು, ಜೇನಿನಷ್ಟು ಮಂದವಾದ ರೆಸಿನ್ ಎಂಬ ಅಂಟು ಬಳಿಯಬೇಕು, ರೋಲರ್ ಉರುಳಿಸಿ ಒಳಗಿನ ಗಾಳಿಯನ್ನೆಲ್ಲ ಹೊರಡಿಸಬೇಕು. ಅದರ ಮೇಲೆ ಇನ್ನೊಂದು ಪದರ, ಮತ್ತೊಂದು ಪದರ. ರೆಸಿನ್ ಗಟ್ಟಿಯಾದ ಮೇಲೆ ಈ ಬಟ್ಟೆಯೇ ದೋಣಿ. ಗಾಜಾದರೇನು, ಬಟ್ಟೆ ಬಟ್ಟೆಯೇ. ಅದಕ್ಕೂ ಹಾಸುಹೊಕ್ಕುಗಳಿವೆ, ಅದೂ ನೇರ ಎಳೆದರೆ ಬಿಗಿಯುತ್ತದೆ, ಓರೆ ಎಳೆದರೆ ಸಡಿಲುತ್ತದೆ. ಮೂತಿಯ ತಿರುವಿನಲ್ಲಿ ಮಿಕ್ಕವರು ಬಟ್ಟೆಯನ್ನು ತುರುಕಿ ಸುಕ್ಕು ಮಾಡುತ್ತಿದ್ದರೆ, ಕತ್ತರಿಯಕ್ಕ ಓರೆ ಎಳೆಯ ತುಂಡು ಕತ್ತರಿಸಿ, ಎರಡು ಕಡೆ ಕಚ್ಚು ಹಾಕಿ, ಮಗುವಿಗೆ ಟೊಪ್ಪಿ ಹಾಕಿದಂತೆ ಕೂರಿಸುತ್ತಿದ್ದಳು. ಒಂದು ಪದರದ ಸೇರಿಕೆಯ ಮೇಲೆ ಇನ್ನೊಂದು ಪದರದ ಸೇರಿಕೆ ಬರಬಾರದು ಎಂಬುದನ್ನು ಅವಳಿಗೆ ಯಾರೂ ಎರಡನೆಯ ಸಲ ಹೇಳಲಿಲ್ಲ.

ಎಲ್ಲ ಪದರಗಳೂ ಒಂದೇ ದಿನದಲ್ಲಿ ಮುಗಿಯುವುದಿಲ್ಲ. ಕೆಲಸ ನಿಲ್ಲಿಸುವ ದಿನ, ಕೊನೆಯ ಪದರ ಇನ್ನೂ ಹಸಿಯಾಗಿರುವಾಗ, ಅದರ ಮೇಲೆ ತೆಳ್ಳನೆಯ ನೈಲಾನ್ ಬಟ್ಟೆಯ ಪಟ್ಟಿಗಳನ್ನು ಹಾಸುತ್ತಾರೆ. ಶೆಡ್ಡಿನವರು ಅದಕ್ಕಿಟ್ಟ ಹೆಸರು ಸುಲಿಬಟ್ಟೆ. ಮತ್ತೆ ಕೆಲಸ ಹಿಡಿಯುವ ದಿನ ಅದನ್ನು ಸಿಪ್ಪೆಯಂತೆ ಸುಲಿದು ತೆಗೆದರೆ, ಕೆಳಗೆ ಧೂಳಿಲ್ಲದ, ಜಿಡ್ಡಿಲ್ಲದ ಒರಟು ಮೈ ಸಿಗುತ್ತದೆ. ಹೊಸ ಪದರ ಅದನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಸುಲಿಯಲು ಮರೆತರೋ, ಮೇಲಿನ ಪದರ ದೋಣಿಗೆ ಅಂಟುವ ಬದಲು ಸುಲಿಬಟ್ಟೆಗೆ ಅಂಟಿ ಕೂರುತ್ತದೆ. ನೋಡುವವರಿಗೆ ಒಂದೇ ಗೋಡೆ, ಒಳಗೆ ಎರಡು. ಅಲೆಯ ಏಟು ಬೀಳುತ್ತ ಬೀಳುತ್ತ ಯಾವುದೋ ಒಂದು ದಿನ ಅದು ಬಿಟ್ಟುಕೊಳ್ಳುತ್ತದೆ. ಆ ದಿನ ದೋಣಿ ದಡದಿಂದ ಎಷ್ಟು ದೂರದಲ್ಲಿರುತ್ತದೆ, ಅದರಲ್ಲಿ ಯಾರು ಕೂತಿರುತ್ತಾರೆ ಎಂದು ಯಾರೂ ಹೇಳಲಾರರು.

ಅದಕ್ಕೇ ಮೇಸ್ತ್ರಿ ಎರಡು ಕಟ್ಟುಪಾಡು ಮಾಡಿದ್ದ. ಎಷ್ಟು ಪಟ್ಟಿ ಹಾಸಿದರೋ ಅಷ್ಟನ್ನೂ ಸುಲಿದು ಹಗ್ಗದ ಮೇಲೆ ನೇತುಹಾಕಿ ಎಣಿಸಬೇಕು. ಆಮೇಲೆ ಒಬ್ಬರು ಅಚ್ಚಿನೊಳಗೆ ಇಳಿದು, ಇಡೀ ಒಡಲನ್ನು ಬರಿಗೈಯಲ್ಲಿ ಸವರಿ, "ಹಾಸಿ" ಎನ್ನಬೇಕು. ಒರಟಾಗಿದ್ದರೆ ಸರಿ, ಎಲ್ಲಾದರೂ ನುಣುಪು ಸಿಕ್ಕಿತೋ, ಅಲ್ಲಿ ಬಟ್ಟೆ ಉಳಿದಿದೆ. ಕಣ್ಣಿಗೆ ಕಾಣಲೆಂದು ಪಟ್ಟಿಗಳಲ್ಲಿ ಒಂದು ಕೆಂಪು ಎಳೆ ನೇಯ್ದಿರುತ್ತಾರೆ ನಿಜ. ಆದರೆ ಕಣ್ಣು ಮೋಸ ಹೋದೀತು, ಕೈ ಹೋಗದು ಎಂಬುದು ಮೇಸ್ತ್ರಿಯ ಮಾತು. ಆ ಕೈ ಕತ್ತರಿಯಕ್ಕನದು. ಅವಳು ಹಾಸಿ ಎನ್ನುವವರೆಗೆ ರೆಸಿನ್ ಡಬ್ಬದ ಮುಚ್ಚಳ ತೆರೆಯುವ ಧೈರ್ಯ ಯಾರಿಗೂ ಇರಲಿಲ್ಲ. ಅವಳಿಗೂ ಅದರ ಬಗ್ಗೆ ಒಂದು ಬಗೆಯ ಜಂಬವಿತ್ತು, ಇಲ್ಲವೆಂದರೆ ಸುಳ್ಳಾಗುತ್ತದೆ.

ಆ ಕೈಗೆ ಏನೂ ತಿಳಿಯುತ್ತಿಲ್ಲ ಎಂಬುದು ಅವಳಿಗೆ ಗೊತ್ತಾಗಿ ಒಂದು ವರ್ಷವಾಗಿತ್ತು.

ಗೊತ್ತಾದದ್ದೂ ಒಂದು ಗುಂಡುಸೂಜಿಯಿಂದ. ಮನೆಯಲ್ಲಿ ಮಗನ ಪ್ಯಾಂಟಿನ ಅಂಚು ಮಡಿಸುತ್ತಿದ್ದಾಗ ಬಟ್ಟೆಯ ಮೇಲೆ ರಕ್ತದ ಚುಕ್ಕೆ ಕಂಡಿತು. ಎಲ್ಲಿಂದ ಬಂತೆಂದು ನೋಡಿದರೆ, ಸೂಜಿ ಅವಳ ತೋರುಬೆರಳಿನೊಳಗೇ ನೆಟ್ಟುಕೊಂಡಿತ್ತು. ನೋವು ಹಾಗಿರಲಿ, ಚುಚ್ಚಿದ್ದೇ ತಿಳಿದಿರಲಿಲ್ಲ. ಹತ್ತು ವರ್ಷ ರೆಸಿನ್ ಅಂಟಿದ ಕೈಯನ್ನು ಅಸಿಟೋನಿನಲ್ಲಿ ತೊಳೆದದ್ದಕ್ಕೋ, ವಯಸ್ಸಿಗೋ, ಎರಡಕ್ಕೂ ಸೇರಿಯೋ, ನರ ಸತ್ತಿದೆ ಎಂದರು ವೈದ್ಯರು. ಮಾತ್ರೆ ಬರೆದುಕೊಟ್ಟರು. ಕೈಗವಸು ಹಾಕಲಿಲ್ಲವೇ ಎಂದು ಕೇಳಿದರು. ಹಾಕಿದರೆ ಬಟ್ಟೆಯ ಓಟ ತಿಳಿಯುವುದಿಲ್ಲ ಡಾಕ್ಟರೇ ಎಂದವಳು ಹೊರಗೆ ಬಂದು ಬೆಂಚಿನ ಮೇಲೆ ಬಹಳ ಹೊತ್ತು ಕೂತಿದ್ದಳು. ಯಾರಿಗೂ ಹೇಳಲಿಲ್ಲ. ಹೇಳಿದರೆ ಅಚ್ಚಿನೊಳಗೆ ಇಳಿಸುವುದಿಲ್ಲ. ಅಂಗಡಿ ಹೋದಾಗ ತಾನು ಏನೂ ಅಲ್ಲದವಳಾದ ಆರು ತಿಂಗಳು ಅವಳಿಗೆ ನೆನಪಿತ್ತು. ಇನ್ನೊಮ್ಮೆ ಹಾಗಾಗುವುದು ಬೇಡವಾಗಿತ್ತು. ಕಣ್ಣು ಚೆನ್ನಾಗಿದೆ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದರಾಯಿತು, ಕೈ ಸುಮ್ಮನೆ ಆಡಿಸಿದರಾಯಿತು ಎಂದುಕೊಂಡಳು.

ಅದೇ ಶೆಡ್ಡಿನಲ್ಲಿ ಎರಡು ವರ್ಷದಿಂದ ಅವಳ ಸೊಸೆಯೂ ರೋಲರ್ ಹಿಡಿಯುತ್ತಿದ್ದಳು. ಮಗ ಲಾರಿ ಓಡಿಸುವವನು, ತಿಂಗಳಲ್ಲಿ ಇಪ್ಪತ್ತು ದಿನ ರಸ್ತೆಯ ಮೇಲೆ. ಇಬ್ಬರೇ ಹೆಂಗಸರು ಮನೆಯಲ್ಲಿ ಮುಖ ಮುಖ ನೋಡಿಕೊಂಡು ಕೂರುವುದಕ್ಕಿಂತ ಬಾ ಎಂದು ಕತ್ತರಿಯಕ್ಕನೇ ಕರೆತಂದಿದ್ದಳು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ಈ ಮನೆಯಲ್ಲಿ ಇಬ್ಬರಿಗೂ ಒಂದೇ ಕಾಲ, ಬೆಳಗಿನ ಏಳೂವರೆಯ ಸೈರನ್. ಸೊಸೆ ಮಾತು ಕಡಿಮೆ. ಅತ್ತೆ ಹತ್ತು ಮಾತಾಡಿದರೆ ಅವಳದು ಒಂದು 'ಹೂಂ'. ಆ ಹೂಂನಲ್ಲಿ ಒಪ್ಪಿಗೆ ಎಷ್ಟು, ಸಹನೆ ಎಷ್ಟು ಎಂದು ಕತ್ತರಿಯಕ್ಕ ಅಳೆಯಲು ಹೋಗಿರಲಿಲ್ಲ.

ಆದರೆ ವರ್ಷದಿಂದೀಚೆಗೆ ಸೊಸೆಗೊಂದು ಚಾಳಿ ಅಂಟಿಕೊಂಡಿತ್ತು. ಅತ್ತೆ ಅಚ್ಚಿನೊಳಗೆ ಕೈ ಸವರುತ್ತ ಹೋದಂತೆ, ಏನೋ ಒರೆಸುವ ನೆಪದಲ್ಲಿ ಇವಳೂ ನಾಲ್ಕು ಹೆಜ್ಜೆ ಹಿಂದೆ ಕೈ ಸವರುತ್ತ ಬರುತ್ತಿದ್ದಳು. ಮೊದಮೊದಲು ಕತ್ತರಿಯಕ್ಕ ಕಂಡೂ ಕಾಣದಂತಿದ್ದಳು. ಆಮೇಲಾಮೇಲೆ ಬೆನ್ನ ಹಿಂದೆ ಇರುವೆ ಹರಿದಂತಾಗತೊಡಗಿತು. ನನ್ನ ಜಾಗದ ಮೇಲೆ ಕಣ್ಣಿಟ್ಟಿದ್ದಾಳೆ, ಇನ್ನೇನು!

ಈ ಸಲ ಅಚ್ಚಿನಲ್ಲಿದ್ದದ್ದು ಹನ್ನೆರಡು ಮೀಟರಿನ ದೋಣಿ. ಎದುರಿನ ನಡುಗಡ್ಡೆಯಿಂದ ರೋಗಿಗಳನ್ನು ಈ ದಡದ ಆಸ್ಪತ್ರೆಗೆ ತರಲು ಮಾಡಿಸುತ್ತಿದ್ದದ್ದು. ಶನಿವಾರ ಅರ್ಧ ಪದರಗಳು ಮುಗಿದವು, ಸುಲಿಬಟ್ಟೆ ಹಾಸಿದರು. ಸೋಮವಾರ ಬೆಳಗ್ಗೆ ಸುಲಿದರು. ಮೂವತ್ತೆಂಟು ಹಾಸಿದ್ದು, ಮೂವತ್ತೆಂಟೂ ಹಗ್ಗದ ಮೇಲೆ ನೇತಾಡಿದವು. ಕತ್ತರಿಯಕ್ಕ ಒಳಗೆ ಇಳಿದಳು. ಹಿಂದೆಯೇ ಸೊಸೆಯೂ ಕಾಲಿಟ್ಟಳು.

"ನನ್ನ ಹಿಂದೆ ಹಿಂದೆ ಬಂದು ಏನು ತಡಕಾಡ್ತೀಯೇ? ನಾನೇನು ಕಳ್ಳಿನಾ, ಕಾವಲು ಕಾಯೋಕೆ? ಮೇಲೆ ಹೋಗಿ ಬಟ್ಟೆ ಸುರುಳಿ ಬಿಚ್ಚು, ಹೋಗು!"

ನಾಲ್ಕು ಜನರ ಮುಂದೆ. ಸೊಸೆಯ ಮುಖ ಕೆಂಪಾಯಿತು. ಏಣಿ ಹತ್ತಿ ಹೋದಳು. ಕತ್ತರಿಯಕ್ಕ ಮೂತಿಯಿಂದ ಹಿಂಬದಿಯವರೆಗೆ ಸವರಿಕೊಂಡು ಹೋಗಿ, ತಲೆಯೆತ್ತಿ, "ಹಾಸಿ" ಎಂದಳು.

ಮುಂದಿನ ಸೋಮವಾರದ ಹೊತ್ತಿಗೆ ಉಳಿದ ಪದರಗಳೂ ಮುಗಿದು ಗಟ್ಟಿಯಾಗಿದ್ದವು. ಮೇಸ್ತ್ರಿ ಸಣ್ಣ ಸುತ್ತಿಗೆಯಿಂದ ಗೇಣು ಗೇಣಿಗೆ ತಟ್ಟುತ್ತ ಬಂದ. ಗಟ್ಟಿಯಿದ್ದಲ್ಲಿ ಠಣ್ ಎನ್ನುತ್ತದೆ. ಅಚ್ಚಿನ ಅಂಚಿನಲ್ಲಿ ಬರೆದ ಮೂರನೆಯ ಗುರುತಿನ ಹತ್ತಿರ, ತಳದ ಎಡಮಗ್ಗುಲಲ್ಲಿ, ದಬ್ ಎಂದಿತು. ಮೇಸ್ತ್ರಿ ಮತ್ತೊಮ್ಮೆ ತಟ್ಟಿದ. ದಬ್. ಎರಡು ಅಂಗೈ ಅಗಲ, ಒಂದು ಮೊಳ ಉದ್ದದ ಜಾಗ.

"ಈ ಜಾಗ ಯಾರ ಕೈದು?" ಎಂದ.

ಮೂರನೆಯ ಗುರುತಿನ ಈಚೆ ಕತ್ತರಿಯಕ್ಕ ಬಟ್ಟೆ ಹಾಸಿದ್ದಳು, ಆಚೆ ಬೇರೆಯವರು. ರೋಲರ್ ಎರಡೂ ಕಡೆ ಸೊಸೆಯದು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತಲ್ಲ, ಹಾಗೆ ಕತ್ತರಿಯಕ್ಕನ ಕೈ ತಾನಾಗಿಯೇ ಸೆರಗಿನ ಮರೆಗೆ ಹೋಯಿತು. ಬಾಯಿಯೂ ತಾನಾಗಿಯೇ ಆಡಿತು.

"ಅವಳದು. ರೋಲರ್ ಸರಿಯಾಗಿ ಓಡಿಸಿಲ್ಲ, ಗಾಳಿ ನಿಂತಿದೆ."

ಸೊಸೆ ಅತ್ತೆಯ ಮುಖ ನೋಡಿದಳು. ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ.

ಮೇಸ್ತ್ರಿ ಕೆಟ್ಟವನಲ್ಲ. ಆದರೆ ಆ ಶೆಡ್ಡಿನಲ್ಲಿ ರೋಲರ್ ತಪ್ಪಿದವರಿಗೆ ಒಂದು ತಿಂಗಳು ಹಿಂದಿನ ಕೋಣೆಯಲ್ಲಿ ಗ್ರೈಂಡರ್ ಕೆಲಸ, ಅದು ಮೊದಲಿನಿಂದ ಬಂದ ರೂಢಿ. ಗಟ್ಟಿಯಾದ ಗಾಜಿನ ಅಂಚುಗಳನ್ನು ಉಜ್ಜುವ ಜಾಗ ಅದು. ಮುಖಕ್ಕೆ ಮುಸುಕು, ಕೈಗೆ ಗವಸು ಹಾಕಿದರೂ ಗಾಜಿನ ಹುಡಿ ಕತ್ತಿನ ಪಟ್ಟಿಯೊಳಗಿಂದ, ತೋಳಿನ ಅಂಚಿನಿಂದ ಒಳಗೆ ಹೋಗುತ್ತದೆ. ಸಂಜೆ ಮನೆಗೆ ಬಂದರೆ ಮೈಯೆಲ್ಲ ಉರಿ. ಸೊಸೆ ಅಂದು ಸಂಜೆ ಎರಡು ಬಕೆಟ್ ತಣ್ಣೀರು ಸುರಿದುಕೊಂಡು ಬಂದು, ಅತ್ತೆಗೆ ಊಟ ಬಡಿಸಿ, ತಾನು ಗೋಡೆಯ ಕಡೆ ತಿರುಗಿ ಮಲಗಿದಳು. ಒಂದು ಮಾತು ಬೈದಿದ್ದರೆ ಕತ್ತರಿಯಕ್ಕನಿಗೆ ಎಷ್ಟೋ ಹಗುರವಾಗುತ್ತಿತ್ತು.

ನಿಜ ಹೇಳಬೇಕೆಂದರೆ, ಅಲ್ಲಿಯವರೆಗೆ ಅವಳು ಆಡಿದ್ದನ್ನು ಅವಳೇ ಅರ್ಧ ನಂಬಿದ್ದಳು. ಪಟ್ಟಿ ಲೆಕ್ಕ ಸರಿಯಾಗಿತ್ತಲ್ಲ. ಗಾಳಿಯೇ ಇರಬೇಕು. ಗಾಳಿಯಾದರೆ ರೋಲರ್ ಹಿಡಿದವಳ ತಪ್ಪೇ.

ಆ ನೆಮ್ಮದಿ ಬುಧವಾರ ಸಂಜೆಯವರೆಗೆ ಮಾತ್ರ. ಬೆಡ್‌ಶೀಟಿನ ನಡುವೆ ಒಂದು ಹರಕಿತ್ತು. ಅದಕ್ಕೆ ತೇಪೆ ಹಾಕಲು ಚಿಂದಿಯ ಬುಟ್ಟಿ ಹುಡುಕಿ, ಅದೇ ಬಣ್ಣದ ತುಂಡು ಆರಿಸಿ, ಹರಕಿನ ಅಂಚಿಗೆ ಅಂಚು ಕೂಡಿಸಿ ಇಟ್ಟಳು. ತೇಪೆ ಎಲ್ಲಿದೆಯೆಂದು ಗೊತ್ತಾಗದಂತೆ ಕೂತಿತು. ಇಂಥದ್ದೇ ಒಂದು ತುಂಡನ್ನು ಈಚೆಗೆ ಎಲ್ಲೋ ಹೀಗೇ ಕೂರಿಸಿದೆನಲ್ಲ ಎಂದು ನೆನೆಯುತ್ತ ಸೂಜಿಯನ್ನು ಕೆಳಗಿಟ್ಟಳು.

ಸುಲಿಬಟ್ಟೆ ಹಾಸಿದ ಆ ಶನಿವಾರ. ಮೂರನೆಯ ಗುರುತಿನ ಹತ್ತಿರ ಎರಡು ಸುಲಿಬಟ್ಟೆ ಪಟ್ಟಿಗಳ ನಡುವೆ ಒಂದು ಮೊಳದಷ್ಟು ಜಾಗ ಬರಿದಾಗಿ ಉಳಿದಿತ್ತು. ಅಷ್ಟಕ್ಕೆ ಇಡೀ ಪಟ್ಟಿ ಕತ್ತರಿಸಲು ದರ್ಜಿ ಜೀವ ಒಪ್ಪಲಿಲ್ಲ. ಏಪ್ರನ್ನಿನ ಜೇಬಿನಲ್ಲಿ ಸುಲಿಬಟ್ಟೆಯ ಸುರುಳಿಯ ಅಂಚಿನಿಂದ ಕತ್ತರಿಸಿ ತೆಗೆದ ತುಂಡಿತ್ತು. ಅದನ್ನು ಅಳತೆಗೆ ಕತ್ತರಿಸಿ, ಎರಡೂ ಪಟ್ಟಿಗಳ ಅಂಚಿಗೆ ಸೇರಿಸಿ, ಬ್ರಷ್ಷಿನಿಂದ ಒತ್ತಿ ಕೂರಿಸಿದ್ದಳು. ಅಂಚಿನ ತುಂಡಾದ್ದರಿಂದ ಅದರಲ್ಲಿ ಕೆಂಪು ಎಳೆ ಇರಲಿಲ್ಲ. ತುಂಡಾದ್ದರಿಂದ ಲೆಕ್ಕಕ್ಕೂ ಬಂದಿರಲಿಲ್ಲ. ಬೇರೆ ಯಾರೇ ಆಗಿದ್ದರೂ ಒಂದು ಹೊಸ ಪಟ್ಟಿ ಕತ್ತರಿಸಿ ಎಸೆಯುತ್ತಿದ್ದರು, ಲೆಕ್ಕಕ್ಕೆ ಮೂವತ್ತೊಂಬತ್ತು ಎಂದು ಬರೆಯುತ್ತಿದ್ದರು. ಚಿಂದಿಯನ್ನೂ ಬಿಸಾಡದ ಅವಳ ನಾಲ್ಕು ದಶಕದ ಅಚ್ಚುಕಟ್ಟು ಈಗ ರೋಗಿಗಳ ದೋಣಿಯ ತಳದೊಳಗೆ ಕೂತಿತ್ತು. ಸುಲಿದ ಸೋಮವಾರ ಅದರ ಮೇಲೆ ಅವಳ ಅಂಗೈ ಹಾದುಹೋಗಿತ್ತು. ಅಷ್ಟು ನುಣುಪು ತುಂಡಿನ ಮೇಲೆ!

ಗುರುವಾರ ಬೆಳಗ್ಗೆ ಮೇಸ್ತ್ರಿ ಚಹಾ ಕುಡಿಯುತ್ತಿದ್ದಲ್ಲಿಗೆ ಹೋದಳು. ಹೇಳಿಯೇ ಬಿಡಬೇಕೆಂದು ಹೋದವಳ ಬಾಯಲ್ಲಿ ಮಾತು ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಬಂತು.

"ಮೇಸ್ತ್ರಿಗಳೇ, ಆ ದಬ್ ಅನ್ನೋ ಜಾಗ... ಏನು ಮಾಡ್ತೀರಿ?"

"ನಾಳೆ ಎರಡು ಸಣ್ಣ ತೂತು ಹೊಡೆದು ಸಿರಿಂಜಿನಲ್ಲಿ ರೆಸಿನ್ ಬಿಡ್ತೀನಿ. ಗಾಳಿ ತಾನೇ? ತುಂಬ್ಕೊಳ್ಳುತ್ತೆ. ಆಮೇಲೆ ಠಣ್ ಅನ್ನುತ್ತೆ."

"ಅದು ಗಾಳಿ ಅಲ್ದೇ ಇದ್ರೆ? ಬಿಚ್ಚಿ ನೋಡಿದ್ರೆ ಒಳ್ಳೇದಲ್ವಾ? ಆ ಹುಡುಗಿ ರೋಲರ್ ಚೆನ್ನಾಗೇ ಓಡಿಸ್ತಾಳೆ..."

ಮೇಸ್ತ್ರಿ ಲೋಟ ಕೆಳಗಿಟ್ಟು ನಕ್ಕ. "ಓಹೋ, ಹೀಗಾ ವಿಷಯ! ಸೊಸೆ ಪರ ವಕಾಲತ್ತು. ಎಲ್ಲಾ ಅತ್ತೆಯಂದ್ರೂ ನಿಮ್ಮ ಹಾಗಿದ್ರೆ ಊರು ಉದ್ಧಾರ ಆಗ್ತಿತ್ತು ಅಕ್ಕ. ತಪ್ಪು ಅಂದ್ಮೇಲೆ ತಪ್ಪೇ. ಒಂದು ತಿಂಗಳು ತಾನೇ, ಕಳೆಯುತ್ತೆ ಬಿಡಿ."

ಅವನ ಹೊಗಳಿಕೆ ಗಾಯದ ಮೇಲೆ ಬರೆ ಎಳೆದಂತಾಯಿತು. ಇಷ್ಟಾದರೂ ಬಾಯಿ ತೆರೆಯಲಿಲ್ಲ. ಜಗತ್ತಿನ ವಿಷಯಕ್ಕೆಲ್ಲ ಆಡುವ ನಾಲಗೆಗೆ ಆ ದಿನ ಮೂರು ಮಾತು ಭಾರವಾಯಿತು. ಕತ್ತರಿಸುವ ಮೇಜಿಗೆ ಮರಳಿ, ಬೆಳಗಿನಿಂದ ಸಂಜೆಯವರೆಗೆ ಯಾರನ್ನೂ ಬೈಯದೆ ಕೆಲಸ ಮಾಡಿದಳು. ಶೆಡ್ಡಿನವರು ಜ್ವರ ಬಂದಿದೆಯೇ ಎಂದು ವಿಚಾರಿಸಿದರು. ಹಿಂದಿನ ಕೋಣೆಯಿಂದ ಗ್ರೈಂಡರಿನ ಸದ್ದು ನಿಂತಾಗಲೊಮ್ಮೆ ಅವಳ ಕತ್ತರಿಯೂ ನಿಲ್ಲುತ್ತಿತ್ತು. ರೆಸಿನ್ ತುಂಬಿದರೆ ಸದ್ದು ಸರಿಯಾಗುತ್ತದೆ, ಬಟ್ಟೆ ಒಳಗೇ ಉಳಿಯುತ್ತದೆ, ಆಮೇಲೆ ಯಾವ ಸುತ್ತಿಗೆಗೂ ಅದು ಸಿಗುವುದಿಲ್ಲ. ಅವಳೊಬ್ಬಳಿಗೆ ಮಾತ್ರ ಗೊತ್ತಿರುತ್ತದೆ. ಗಾಳಿ ಜೋರಾಗಿ ಬೀಸಿದ ಪ್ರತಿ ದಿನವೂ ಗೊತ್ತಿರುತ್ತದೆ.

ಶುಕ್ರವಾರ ಬೆಳಗ್ಗೆ ಮೇಸ್ತ್ರಿ ಡ್ರಿಲ್ಲು, ಸಿರಿಂಜು ಹಿಡಿದು ಅಚ್ಚಿನೊಳಗೆ ಇಳಿಯುವ ಹೊತ್ತಿಗೆ ನಡುಗಡ್ಡೆಯಿಂದ ಒಬ್ಬ ಬಂದ. ಈ ದೋಣಿ ನಡೆಸಲಿರುವವನು. ಉದ್ದನೆಯ, ತೆಳ್ಳನೆಯ ಮನುಷ್ಯ. ಕೈಯಲ್ಲಿ ಅಳತೆಯ ಟೇಪು. ರೋಗಿಯ ಮಂಚ ಎಲ್ಲಿ ಬರುತ್ತದೆ, ಪಕ್ಕದಲ್ಲಿ ನರ್ಸ್ ಕೂರಲು ಜಾಗ ಸಾಲುತ್ತದೆಯೇ ಎಂದು ನೋಡಬೇಕಿತ್ತಂತೆ. ಟೇಪು ಎರಡು ಸಲ ಹಿಡಿದು ನೋಡಿ, ಸಮಾಧಾನವಾಗದೆ, ಚಪ್ಪಲಿ ಕಳಚಿಟ್ಟು ದೋಣಿಯ ತಳದಲ್ಲಿ ತಾನೇ ಅಂಗಾತ ಮಲಗಿಬಿಟ್ಟ.

"ನಮ್ಮಲ್ಲಿ ಹೆರಿಗೆ ನೋವು ಬಂದ್ರೆ ಈವರೆಗೂ ಮೀನಿನ ದೋಣೀಲಿ, ಬಲೆ ಮೇಲೆ ಮಲಗಿಸ್ಕೊಂಡು ಬರ್ತಿದ್ವಿ" ಎಂದ ಮೇಲೆ ನೋಡುತ್ತ. "ನನ್ನ ಹೆಂಡ್ತೀನೂ ಹಾಗೇ ಬಂದಿದ್ದು. ಇನ್ಮೇಲೆ ಆ ಕಷ್ಟ ಇಲ್ಲ. ತಲೆ ಈ ಕಡೆ ತಾನೇ ಬರೋದು?"

ಅವನು ತಲೆಯಿಟ್ಟಿದ್ದ ಜಾಗ ಮೂರನೆಯ ಗುರುತು.

ಕತ್ತರಿಯಕ್ಕ ಏಣಿಯಿಳಿದು ಯಾವಾಗ ಒಳಗೆ ಬಂದಳೆಂದು ಅವಳಿಗೇ ಗೊತ್ತಿಲ್ಲ. "ಏಳಪ್ಪ, ಅಲ್ಲಿಂದ ಏಳು" ಎಂದಳು. ಆಮೇಲೆ ಮೇಸ್ತ್ರಿಯ ಕಡೆ ತಿರುಗಿ, "ಮೇಸ್ತ್ರಿಗಳೇ, ಸಿರಿಂಜ್ ಕೆಳಗಿಡಿ" ಎಂದಳು.

"ಯಾಕಕ್ಕ?"

"ಒಳಗಿರೋದು ಗಾಳಿ ಅಲ್ಲ. ಸುಲಿಬಟ್ಟೆ. ಒಂದು ಮೊಳದ ತುಂಡು. ನಾನೇ ಹಾಕಿದ್ದು, ನಾನೇ ಬಿಟ್ಟಿದ್ದು."

"ಲೆಕ್ಕ ಸರಿ ಇತ್ತಲ್ಲ?"

"ಲೆಕ್ಕಕ್ಕೆ ಹಿಡೀದೆ ಹಾಕಿದ ಚಿಂದಿ ಅದು. ಪಟ್ಟಿ ಹಾಳಾಗುತ್ತೆ ಅಂತ."

ಮೇಸ್ತ್ರಿಗೆ ಇನ್ನೂ ಅರ್ಥವಾಗಲಿಲ್ಲ. "ಆದ್ರೂ ಕೈ ಆಡಿಸಿದ್ರಲ್ಲ ಅಕ್ಕ? ನಿಮ್ಮ ಕೈಗೆ ಸಿಗದೇ ಹೋಗುತ್ತಾ?"

"ನನ್ನ ಬೆರಳಿಗೆ ಏನೂ ತಿಳಿಯಲ್ಲ. ಸೂಜಿ ಚುಚ್ಚಿದ್ರೂ ತಿಳಿಯಲ್ಲ. ಒಂದು ವರ್ಷ ಆಯ್ತು."

ಶೆಡ್ಡಿನಲ್ಲಿ ಕೆಲಸ ನಿಂತಿತು. ನಡುಗಡ್ಡೆಯವನು ಚಪ್ಪಲಿ ಕೈಯಲ್ಲಿ ಹಿಡಿದು ಒಬ್ಬರಿಂದ ಇನ್ನೊಬ್ಬರ ಮುಖ ನೋಡುತ್ತಿದ್ದ. ಮೇಸ್ತ್ರಿ ಬೈಯುತ್ತಾನೆಂದು ಎಲ್ಲರೂ ಕಾದರು. ಅವನು ಬೈಯಲಿಲ್ಲ. ಬೆರಳು ಮಡಿಸಿ ಏನನ್ನೋ ಎಣಿಸಿದ. ಅವನ ಮುಖದ ಬಣ್ಣ ಇಳಿಯಿತು.

"ಈ ಒಂದು ವರ್ಷದಲ್ಲಿ ಐದು ದೋಣಿ ನೀರಿಗೆ ಹೋಗಿವೆ ಅಕ್ಕ. ಐದಕ್ಕೂ ಹಾಸಿ ಅಂದೋರು ನೀವೇ."

ಆ ಐದರ ಬಗ್ಗೆ ಅವಳು ಯೋಚಿಸಿರಲಿಲ್ಲ ಎಂದಲ್ಲ. ಯೋಚನೆ ಬಂದಾಗಲೆಲ್ಲ ಏನಾದರೊಂದು ಕೆಲಸ ಹುಡುಕಿಕೊಂಡು ಎದ್ದುಬಿಡುತ್ತಿದ್ದಳು. ಈಗ ಏಳಲು ಜಾಗವಿರಲಿಲ್ಲ. ಅಚ್ಚಿನ ಅಂಚು ಹಿಡಿದು ನಿಂತಳು. ಬೇಲಿಯೇ ಎದ್ದು ಹೊಲ ಮೇಯ್ದದ್ದು ಎಂದರೆ ಇದೇ. ಐದು ದೋಣಿ, ಅವುಗಳಲ್ಲಿ ದಿನವೂ ಹೋಗಿ ಬರುವವರು, ಅವರ ಮನೆಯವರು.

"ಆ ಐದೂ ಸರಿಯಾಗಿವೆ."

ಎಲ್ಲರೂ ಮೇಲೆ ನೋಡಿದರು. ಗ್ರೈಂಡರ್ ಕೋಣೆಯಿಂದ ಬಂದ ಸೊಸೆ ಏಣಿಯ ತುದಿಯಲ್ಲಿ ನಿಂತಿದ್ದಳು. ಮುಸುಕು ಗದ್ದಕ್ಕಿಳಿದಿತ್ತು, ಹುಬ್ಬು, ಕೂದಲು ಬಿಳಿ ಹುಡಿಯಿಂದ ಮುದುಕಿಯಂತಾಗಿದ್ದವು.

"ನಿನಗೆ ಹೇಗಮ್ಮ ಗೊತ್ತು?" ಎಂದ ಮೇಸ್ತ್ರಿ.

"ನಾನು ಅತ್ತೆಯ ಹಿಂದೆ ಹೋಗಿ ಮತ್ತೆ ಸವರಿ ನೋಡ್ತಿದ್ದೆ. ಐದನ್ನೂ. ಒಂದು ಸಲ ಎರಡು ಕಡೆ ಚೂರು ಉಳಿದಿತ್ತು, ಸುಲಿದು ಜೇಬಿಗೆ ಹಾಕ್ಕೊಂಡೆ. ಇನ್ನೊಂದು ಸಲ ಒಂದು ಕಡೆ." ಸ್ವಲ್ಪ ತಡೆದು ಹೇಳಿದಳು: "ಇದೊಂದನ್ನ ಮಾತ್ರ ನೋಡೋಕೆ ಆಗ್ಲಿಲ್ಲ."

ಏಕೆ ಆಗಲಿಲ್ಲ ಎಂದು ಮೇಸ್ತ್ರಿ ಕೇಳಲಿಲ್ಲ. ಆ ಸೋಮವಾರ ಅವನೂ ಅಲ್ಲೇ ಇದ್ದ, ನಾಲ್ವರ ಮುಂದೆ ಆಡಿದ ಮಾತು ಅವನ ಕಿವಿಗೂ ಬಿದ್ದಿತ್ತು.

ಮಧ್ಯಾಹ್ನದೊಳಗೆ ಆ ಜಾಗವನ್ನು ಉಜ್ಜಿ ಬಿಚ್ಚಿದರು. ಗ್ರೈಂಡರ್ ಹಿಡಿದವಳು ಸೊಸೆಯೇ. ಪದರದ ಮೇಲೆ ಪದರ ಕಳಚಿ, ಕೊನೆಗೆ ತುಂಡು ಬಟ್ಟೆ ಕಂಡಿತು. ತುದಿ ಹಿಡಿದು ಎಳೆದರೆ ಸಲೀಸಾಗಿ ಬಂತು. ನಾಲ್ಕೂ ಮೂಲೆ ಕೂಡಿದ, ಅಂಚು ಒಂದು ಎಳೆಯೂ ಬಿಡದ, ಚೆಂದದ ತುಂಡು. ಮೇಸ್ತ್ರಿ ಅದನ್ನು ಹಗ್ಗದ ಮೇಲೆ ಹಾಕಲಿಲ್ಲ. ಮಾಲೀಕರಿಗೆ ತೋರಿಸಬೇಕೆಂದು ಕಾಗದದಲ್ಲಿ ಸುತ್ತಿಟ್ಟ. ಸುತ್ತಲಿನ ಪದರಗಳನ್ನು ಅಗಲವಾಗಿ ಇಳಿಜಾರು ಉಜ್ಜಿ ಹೊಸದಾಗಿ ಹಾಸಬೇಕು, ಎರಡು ವಾರ ತಡವಾಗುತ್ತದೆ ಎಂದು ನಡುಗಡ್ಡೆಯವನಿಗೆ ಹೇಳಿದರು. ಅವನು ಟೇಪು ಸುತ್ತಿಕೊಳ್ಳುತ್ತ, "ಎರಡು ವಾರ ಬಲೆ ಮೇಲೇ ಮಲಗಿಸ್ತೀವಿ, ಏನು ಮಾಡೋದು" ಎಂದು ಹೊರಟ. ಕತ್ತರಿಯಕ್ಕನ ಕಡೆ ನೋಡಲಿಲ್ಲ.

"ಕತ್ತರಿ ನಿಮ್ಮದೇ ಅಕ್ಕ, ಅದಕ್ಕೆ ಕಣ್ಣು ಸಾಕು" ಎಂದ ಮೇಸ್ತ್ರಿ. "ಆದ್ರೆ ಅಚ್ಚಿನೊಳಗೆ ಇಳೀಬೇಡಿ. ಮಾಲೀಕರು ಏನಂತಾರೋ ಅದು ಆಮೇಲಿನ ಮಾತು. ಸೋಮವಾರದಿಂದ ಹಾಸಿ ಅನ್ನೋದು ನಿಮ್ಮ ಸೊಸೆ."

ಮನೆಗೆ ಇಬ್ಬರೂ ಒಂದೇ ಬಸ್ಸಿನಲ್ಲಿ ಬಂದರು, ಒಂದೇ ಸೀಟಿನಲ್ಲಿ. ಸೊಸೆ ಸ್ನಾನ ಮಾಡಿ ಬಂದು ಅಡುಗೆಮನೆಯ ಸ್ಟೂಲಿನ ಮೇಲೆ ಕೂತಳು. ಕತ್ತರಿಯಕ್ಕ ಎದುರಿಗೆ ನಿಂತೇ ಕೇಳಿದಳು.

"ಒಂದು ವರ್ಷದಿಂದ ಗೊತ್ತಿತ್ತು ನಿನಗೆ. ಯಾಕೆ ಹೇಳ್ಲಿಲ್ಲ?"

"ಆ ದಿನ ಪ್ಯಾಂಟಿನ ಮೇಲೆ ರಕ್ತ ಬಿದ್ದಿತ್ತಲ್ಲ, ಅದನ್ನ ಒಗೆದೋಳು ನಾನೇ. ಚುಚ್ಚಿದ್ದು ನಿಮಗೇ ತಿಳೀಲಿಲ್ಲ ಅಂತ ಆಗ್ಲೇ ಗೊತ್ತಾಯ್ತು. ಹೇಳಿದ್ರೆ ನೀವು ಕೆಲಸ ಬಿಟ್ಟು ಮನೇಲಿ ಕೂರ್ತಿದ್ರಿ. ಇಡೀ ದಿನ ನೀವು ಮನೇಲಿ ಕೂತ್ರೆ ನನ್ನ ಗತಿ ಏನು?"

ಕತ್ತರಿಯಕ್ಕ ನಕ್ಕಳು. ನಗು ಅರ್ಧಕ್ಕೇ ನಿಂತಿತು, ಏಕೆಂದರೆ ಸೊಸೆ ನಗುತ್ತಿರಲಿಲ್ಲ.

"ಬೈದಿದ್ದಕ್ಕೆ ಬೇಜಾರಿಲ್ಲ ಅತ್ತೆ. ದಿನಾ ಬೈತೀರಿ. 'ಅವಳದು' ಅಂದ್ರಲ್ಲ. ಅಷ್ಟು ಬೇಗ ಅಂದ್ರಿ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕತ್ತರಿಯಕ್ಕ ತಪ್ಪಾಯಿತು ಎಂದಳು. ಸೊಸೆ ಹೂಂ ಎಂದಳು. ಆ ಹೂಂ ಎಷ್ಟು ಸಣ್ಣದು ಎಂದು ಮೊದಲ ಸಲ ಅವಳಿಗೆ ಕೇಳಿಸಿತು.

ಕಪಾಟಿನಿಂದ ಅಂಟುಪಟ್ಟಿಯ ಸುರುಳಿ ತಂದು, ಸೊಸೆಯ ಮುಂದೆ ನೆಲದ ಮೇಲೆ ಕೂತು, ಅವಳ ಕೈಯನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡಳು. ಚರ್ಮಕ್ಕೆ ನೆಟ್ಟ ಗಾಜಿನ ಎಳೆ ಕಣ್ಣಿಗೆ ಕಾಣುವುದಿಲ್ಲ. ಬೆರಳಿನಿಂದ ತಡವಿ ಹುಡುಕಿ, ಅದರ ಮೇಲೆ ಅಂಟುಪಟ್ಟಿ ಒತ್ತಿ ಕಿತ್ತರೆ ಎಳೆ ಮೇಲೆ ಬರುತ್ತದೆ. ಕತ್ತರಿಯಕ್ಕ ಮಣಿಕಟ್ಟಿನಿಂದ ಮೊಣಕೈಯವರೆಗೆ ಬೆರಳಾಡಿಸಿದಳು. ಇನ್ನೊಮ್ಮೆ ಆಡಿಸಿದಳು. ಬೆರಳ ಕೆಳಗೆ ಕೈಯಿದೆಯೋ ಕಂಬವಿದೆಯೋ ಅವಳಿಗೆ ತಿಳಿಯಲಿಲ್ಲ.

"ಎಲ್ಲಿ ಚುಚ್ಚುತ್ತೆ ಹೇಳೇ" ಎಂದಳು. "ಹೇಳು ಮಗಳೇ, ನನಗೆ ಗೊತ್ತಾಗಲ್ಲ. ಎಲ್ಲಿ?"

"ಎಲ್ಲಾ ಕಡೆ ಅತ್ತೆ."

ಕತ್ತರಿಯಕ್ಕ ಒಂದು ತುಂಡು ಅಂಟುಪಟ್ಟಿ ಹರಿದು ಮಣಿಕಟ್ಟಿನ ಹತ್ತಿರದಿಂದ ಶುರುಮಾಡಿದಳು.